ಕೊನೆಯ ಹೊಲದ ಪಾಳಿ ಕಾಯುವ ಯಂಕಮ್ಮ

ಬೆಳಗಿನ ಐದೂವರೆ. ಶಹಾಪುರ ತಾಲ್ಲೂಕಿನ ಕಾಲುವೆ ಕಚೇರಿಯೊಂದರಲ್ಲಿ ಒಂದೇ ಕೋಣೆಗೆ ದೀಪ ಹತ್ತಿದೆ. ಕಂಪ್ಯೂಟರ್ ಮುಂದೆ ಕುಳಿತವರು ಗುಮಾಸ್ತ ನಾಗಣ್ಣ. ಕುರ್ಚಿಯ ಹಿಂದೆ ಕೈಕಟ್ಟಿ ನಿಂತವರು ಗುತ್ತಿಗೆ ಆಪರೇಟರ್ ಯಂಕಮ್ಮ. ಇವತ್ತು ಕೀಲಿಮಣೆ ಮುಟ್ಟಬಾರದೆಂದು ಅವರೇ ತೀರ್ಮಾನಿಸಿದ್ದಾರೆ. ಆರಕ್ಕೆ ಒಂಬತ್ತನೇ ವಿತರಣಾ ಕಾಲುವೆಯ ಗೇಟ್ ಏಳುತ್ತದೆ. ಅಷ್ಟರೊಳಗೆ 184 ರೈತರ ಮೊಬೈಲಿಗೆ ನೀರಿನ ಪಾಳಿಯ ಸಮಯ ಮುಟ್ಟಬೇಕು.

ಆ ಪಟ್ಟಿ ಮಾಡುವುದು ಯಂಕಮ್ಮ ಬರೆದ ಸಣ್ಣ ಸ್ಕ್ರಿಪ್ಟ್, ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸರಣಿ. ಅದಕ್ಕೆ ಕಾಲುವೆಯ ನಂಬರ್ ಕೊಡಬೇಕು. ಪಾಳಿ ಕೊನೆಯ ಹೊಲದಿಂದ ಶುರುವಾಗುವುದಾದರೆ ಅಡ್ಡಗೆರೆ ಹಾಕಿ ‘ಕೆ’ ಎಂಬ ಅಕ್ಷರ ಸೇರಿಸಬೇಕು. ಇಂಥ ಅಕ್ಷರಕ್ಕೆ ಕಂಪ್ಯೂಟರ್ ಬಲ್ಲವರು ಆಪ್ಷನ್ ಎನ್ನುತ್ತಾರೆ. ಹದಿನೈದು ದಿನಕ್ಕೊಂದು ಪಾಳಿ. ಒಮ್ಮೆ ಗೇಟ್ ಬಳಿಯ ತಲೆಯಿಂದ, ಇನ್ನೊಮ್ಮೆ ಕೊನೆಯಿಂದ. ಈ ಸರದಿ ತಪ್ಪಿದರೆ ಕೊನೆಯವರಿಗೆ ಸಿಗುವುದು ಕೆಸರು ಮಾತ್ರ.

ತಿಂಗಳ ಹಿಂದೆ ಸರದಿ ತಪ್ಪಿತ್ತು. ಯಂಕಮ್ಮ ರಜೆಯಲ್ಲಿದ್ದರು. ಈ ಕಚೇರಿಯ ಪ್ರತಿ ಚೀಟಿಯಲ್ಲೂ ಕಾಲುವೆ ನಂಬರ್ ಮೊದಲು. ಅದೇ ರೂಢಿಯಲ್ಲಿ ನಾಗಣ್ಣ ನಂಬರ್ ಮೊದಲು, ‘ಕೆ’ ಆಮೇಲೆ ಒತ್ತಿದರು. ಕಾಲುವೆ ನಂಬರಿನಂಥ ಅಡ್ಡಗೆರೆಯಿಲ್ಲದ ಪದ ಎದುರಾದೊಡನೆ ಸ್ಕ್ರಿಪ್ಟ್ ಆಪ್ಷನ್ ಓದುವುದನ್ನು ನಿಲ್ಲಿಸುತ್ತಿತ್ತು. ‘ಕೆ’ಯನ್ನು ಅದು ನೋಡಲೇ ಇಲ್ಲ, ತಪ್ಪೆಂದೂ ಹೇಳಲಿಲ್ಲ. ತಲೆಯಿಂದಲೇ ಪಟ್ಟಿ ಹೊರಟಿತು.

ತಲೆಯ ರೈತರಾರೂ ದೂರಲಿಲ್ಲ. “ಬಂದ ನೀರು ಬ್ಯಾಡ ಅಂತ ಯಾರಂತಾರ್ರಿ?” ಎನ್ನುತ್ತಾರೆ ಯಂಕಮ್ಮ. ಐದನೇ ದಿನ ಕೊನೆಯ ಹೊಲದ ಭೀಮಮ್ಮ, ಬಾಡಿದ ಮೆಣಸಿನ ಗಿಡ ಬೇರುಸಹಿತ ಕಿತ್ತು ತಂದು ಟೇಬಲ್ ಮೇಲಿಟ್ಟರು. ಅವರದು ಎರಡು ಎಕರೆ. “ಯವ್ವಾ, ನಮ್ಮ ಪಾಳಿ ಯಾರಿಗಿ ಕೊಟ್ಟಿ?” ಎಂದು ಕೇಳಿದ್ದು ರಜೆ ಮುಗಿಸಿ ಬಂದಿದ್ದ ಯಂಕಮ್ಮನ ಕಿವಿಯಲ್ಲಿ ಇನ್ನೂ ಇದೆ.

ಕಚೇರಿಯಲ್ಲಿ ಬೆರಳುಗಳು ನಾಗಣ್ಣನ ಕಡೆ ತಿರುಗಿದವು. ತಪ್ಪು ತನ್ನದೆಂದು ಯಂಕಮ್ಮ ಎಂಜಿನಿಯರ್‌ಗೆ ಬರೆದುಕೊಟ್ಟರು. ಎಂಜಿನಿಯರ್ ಮರುದಿನದಿಂದಲೇ ಎರಡು ದಿನ ಹೆಚ್ಚಿಗೆ ನೀರು ಬಿಡಿಸಿದರು. ಗಿಡ ಉಳಿದವು. ಈ ಪಾಳಿಯೂ ಸಿಕ್ಕರೆ ಕಾಯಿ ನಿಲ್ಲುತ್ತದೆ.

ಯಂಕಮ್ಮನಿಗೆ ಮೂವತ್ತೆಂಟು. ಊರು ಕೊಡೇಕಲ್ ಬಳಿ. ಅವ್ವ ಇದೇ ಕಾಲುವೆಗೆ ಮಣ್ಣು ಹೊತ್ತವರು. ಪಿಯುಸಿ ಮುಗಿಸಿ ಸುರಪುರದಲ್ಲಿ ಆರು ತಿಂಗಳು ಟೈಪಿಂಗ್ ಕಲಿತದ್ದು ಬಿಟ್ಟರೆ ಬೇರೆ ತರಬೇತಿಯಿಲ್ಲ. ಸ್ಕ್ರಿಪ್ಟ್ ಬರೆಯಲು ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕಲಿತರು. ಹನ್ನೊಂದು ವರ್ಷದ ನೌಕರಿ, ಹದಿನಾಲ್ಕು ಕಾಲುವೆ, 2,316 ರೈತರು. ಆ ಘಟನೆಯ ನಂತರ ಒಂದು ದಿನವೂ ರಜೆ ಹಾಕಿಲ್ಲ.

ತಿದ್ದಲು ಒಂಬತ್ತು ದಿನ ಹಿಡಿಯಿತು. ಈಗ ಸ್ಕ್ರಿಪ್ಟ್ ಸಾಲಿನ ಎಲ್ಲ ಪದಗಳನ್ನೂ ಕೊನೆತನಕ ಓದುತ್ತದೆ. ಅಡ್ಡಗೆರೆಯವು ಎಲ್ಲಿದ್ದರೂ ಬೇರೆ ತೆಗೆಯುತ್ತದೆ. ತಲೆಯಿಂದ ಎನ್ನಲು ‘ಟಿ’ ಬಂದಿದೆ. ಎರಡರಲ್ಲಿ ಒಂದೂ ಇಲ್ಲದಿದ್ದರೆ, ಅಥವಾ ಗೊತ್ತಿಲ್ಲದ ಅಕ್ಷರ ಸಿಕ್ಕರೆ, ಪಟ್ಟಿ ಮಾಡದೆ ನಿಲ್ಲುತ್ತದೆ.

ಐದು ನಲವತ್ತು. ನಾಗಣ್ಣನ ಬೆರಳು ಹಳೆಯ ರೂಢಿಯಲ್ಲೇ ಒಂಬತ್ತು ಒತ್ತಿ ನಿಲ್ಲುತ್ತದೆ. ಯಂಕಮ್ಮ ಕಟ್ಟಿದ ಕೈ ಬಿಚ್ಚುವುದಿಲ್ಲ. ‘ಕೆ’ ಸೇರುತ್ತದೆ. ತೆರೆಯ ಮೇಲೆ ಕನ್ನಡದಲ್ಲಿ ಒಂದು ಸಾಲು: ‘ಒಂಬತ್ತನೇ ಕಾಲುವೆ, ಕೊನೆಯಿಂದ. ಮೊದಲ ಹೊಲ ಭೀಮಮ್ಮ. ಕಳಿಸಲೇ?’

“ಅಕ್ಕೋರ, ಇದೂ ನಿಮ್ಮಂಗ ಪ್ರಶ್ನಿ ಕೇಳಾಕತ್ತೈತಲ್ರಿ,” ಎನ್ನುತ್ತಾರೆ ನಾಗಣ್ಣ.

“ತಿಳೀಲಿಲ್ಲಂದ್ರ ಕೇಳಬೇಕ್ರಿ. ಮೊದಲಿಂದು ತಿಳಿದವರಂಗ ಸುಮ್ಮನಿರ್ತಿತ್ತು. ಹಂಗ ಬರೆದಾಕಿ ನಾನ.”

ನಾಗಣ್ಣ ‘ಹೌದು’ ಒತ್ತುತ್ತಾರೆ, ಪಾಳಿಯ ಸಂದೇಶಗಳು ಹೊರಡುತ್ತವೆ. ಆರು ಹತ್ತಕ್ಕೆ ಗೇಟ್‌ನಿಂದ ಅಲ್ಲಿನ ಕಾವಲುಗಾರ ಅಂಬ್ರಪ್ಪನ ಫೋನ್: ತಲೆಯ ತೂಬುಗಳೆಲ್ಲ ಮುಚ್ಚಿವೆ, ನೀರು ಕೆಳಗೆ ಹೊರಟಿದೆ. ಯಂಕಮ್ಮ ಮೊದಲ ಬಾರಿಗೆ ಕುರ್ಚಿ ಎಳೆದು ಕೂರುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ:

“ಅವ್ವನ್ನ ಕರ್ಕೊಂಡು ಎರಡು ದಿನ ತಿಂಥಣಿ ಗುಡಿಗಿ ಹೋಗಬೇಕ್ರಿ. ಫೋನ್ ಮನ್ಯಾಗ ಇಟ್ಟು.”