ನೇರಳೆ ಹೆಬ್ಬೆರಳಿನ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣದ್ದು. ಸೂಕ್ಷ್ಮದರ್ಶಕದಲ್ಲಿ ನೋಡಲು ರಕ್ತ ಸವರಿದ ಗಾಜುಪಟ್ಟಿಗೆ ಆ ಬಣ್ಣ ಹಾಕುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಒಣಗಿದ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಳೆ ಆರಿಸುವವರ ಹಾಗೆ ಕತ್ತು ಓರೆ ಮಾಡಿ ನೋಡುತ್ತಿದ್ದರು. ಎದುರು ಒಬ್ಬಳು ರೋಗಿ ಕೂತಿದ್ದಾಳೆಂಬ ನೆನಪೇ ಅವರಿಗೆ ಆಗ ಇರುತ್ತಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ಬಂಟರ ಮನೆಯಲ್ಲಿ ಗಂಡುಮಗುವೆಂದು ಹುಟ್ಟಿದ ನಾನು ಸೀರೆ ಉಟ್ಟು ಮನೆ ಬಿಟ್ಟವಳು. ತೊಕ್ಕೊಟ್ಟಿನಲ್ಲಿ ರವಿಕೆ ಹೊಲಿದು ಬದುಕುತ್ತಿದ್ದೆ. ಹೆಂಗಸರು ಬಸಿರಾಗದಿರಲು ನುಂಗುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು, ಯಾರನ್ನೂ ಕೇಳದೆ ನುಂಗುತ್ತಿದ್ದೆ. ಎದೆ ತುಸು ತುಂಬಿತ್ತು, ಕನ್ನಡಿಯಲ್ಲಿ ಕೊನೆಗೂ ನಾನು ಕಾಣತೊಡಗಿದ್ದೆ. ಅಷ್ಟರಲ್ಲಿ ಬೆರಳ ಗಂಟುಗಳು ಊದಿದವು, ಕೆನ್ನೆ ಕೆಂಪಾಗಿ ಉರಿಯತೊಡಗಿತು, ಸೂಜಿ ಹಿಡಿಯಲಿಕ್ಕೂ ಆಗದಾಯಿತು. ಹೋದಲ್ಲೆಲ್ಲ ವೈದ್ಯರದು ಒಂದೇ ಮಾತು: ಈ ವೇಷ ಬಿಡು, ಎಲ್ಲ ಸರಿಯಾಗುತ್ತದೆ. ಅವರ ತಲೆ.

ನೇತ್ರಾವತಿಯ ಸೇತುವೆ ದಾಟಿ ಕಂಕನಾಡಿಯ ಆಸ್ಪತ್ರೆಗೆ ಹೋದದ್ದು ಕೊನೆಯ ಆಸೆಯಿಂದ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆತನದ ಈ ಡಾಕ್ಟರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯಲಿಲ್ಲ. ಬೆರಳ ಗಂಟುಗಳನ್ನು ನೋಡಿದರು.

"ಎಂತ ಮಾರಾಯ್ತಿ, ಇಷ್ಟು ಊದುವವರೆಗೆ ಎಂತ ಮಾಡ್ತಿದ್ದೆ?"

‘ಮಾರಾಯ್ತಿ’ ಎಂದದ್ದಕ್ಕೇ ನನಗೆ ಅಳು ಬಂತು. ಮಾತ್ರೆಯ ವಿಷಯ ಹೇಳಿಬಿಟ್ಟೆ.

ಅವರು ಬೈಯಲಿಲ್ಲ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ರೋಗದಿಂದ ಕಾಯಬೇಕಾದ ದೇಹದ ಶಕ್ತಿಯೇ, ಕಾವಲಿಗೆ ಕಟ್ಟಿದ ನಾಯಿ ಮನೆಯವರನ್ನು ಕಚ್ಚಿದ ಹಾಗೆ, ಒಮ್ಮೊಮ್ಮೆ ಮೈಯನ್ನೇ ಕಚ್ಚುತ್ತದಂತೆ. ಹಾಗೆ ಕಚ್ಚಿಸಿಕೊಳ್ಳುವವರಲ್ಲಿ ಹೆಂಗಸರೇ ಯಾಕೆ ಹೆಚ್ಚು ಎಂಬುದು ಅವರನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ.

"ಮಾತ್ರೆಯಿಂದಲೇ ಆದದ್ದಾ ಡಾಕ್ಟ್ರೇ?"

"ಗೊತ್ತಿಲ್ಲ. ನಿನ್ನ ಹಾಗಿನವರ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಎಂತದೂ ಇಲ್ಲ. ಮಾತ್ರೆಯಲ್ಲಿರುವ ಹೆಣ್ಣು ಹಾರ್ಮೋನಿನ ಮೇಲೆ ನನಗೆ ಸಂಶಯ ಉಂಟು. ಬಿಟ್ಟು ನೋಡುವ."

"ಬಿಟ್ರೆ ನಾನು ಪುನಃ ಗಂಡಸಾಗ್ತೇನೆ."

"ಮಾತ್ರೆ ನುಂಗುವ ಮೊದಲು ನೀನು ಎಂತ ಆಗಿದ್ದೆ?"

"ಹೀಗೇ ಇದ್ದೆ," ಎಂದೆ.

"ಮತ್ತೆ?" ಎಂದರು ಅವರು.

ಮಾತ್ರೆ ಬಿಟ್ಟೆ, ಅವರ ಔಷಧ ಶುರುವಾಯಿತು. ಊತ ಇಳಿಯಿತು. ಯಾವುದರಿಂದ ಇಳಿಯಿತೆಂದು ಗೊತ್ತಾಗದೆ ಅವರು ಒಳಗೊಳಗೇ ಕೊರಗಿದರು. ಒಂದು ಮಧ್ಯಾಹ್ನ ನನ್ನ ರಕ್ತವನ್ನೇ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ತಿಳಿಗುಲಾಬಿ ಆಕಾಶ, ಅದರಲ್ಲಿ ಅಲ್ಲಲ್ಲಿ ನೇರಳೆ ಮೋಡ. ನಾನು ಇಷ್ಟು ಚೆಂದ ಇದ್ದೇನೆಂದು ಯಾರೂ ಹೇಳಿರಲಿಲ್ಲ.

"ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?"

"ಅದನ್ನೇ ಮಾರಾಯ್ತಿ, ನಾನು ಸಹ ಹುಡುಕುವುದು," ಎಂದು ನಕ್ಕರು. ಆ ಸಂಜೆ ಬಸ್ಸಿನ ಕಿಟಕಿಯಿಂದ ಕಂಡ ನೇತ್ರಾವತಿಯೂ ಅದೇ ಬಣ್ಣದಲ್ಲಿತ್ತು. ನಾನೇ ಹರಿಯುತ್ತಿದ್ದೇನೋ ಎನಿಸಿತು.

ನನ್ನ ಕಾಯಿಲೆಯ ಬಗ್ಗೆ ಅವರು ವೈದ್ಯರ ಸಭೆಯಲ್ಲಿ ಮಾತಾಡುವುದಿತ್ತು. ಅಪರೂಪದ ರೋಗಿಯನ್ನು ವೇದಿಕೆಗೆ ತಂದು, ಬಟ್ಟೆ ಸರಿಸಿ ತೋರಿಸುವುದು ಆಗಿನ ವಾಡಿಕೆ. ಹಿರಿಯ ವೈದ್ಯರು ನನ್ನನ್ನೂ ಕರೆತರಲು ಹೇಳಿದ್ದಾರೆಂದು ನರ್ಸಿನಿಂದ ತಿಳಿಯಿತು. ಡಾಕ್ಟರಮ್ಮನ ಬಳಿ ಹೋಗಿ ನೇರ ಕೇಳಿದೆ.

"ನಿನಗೆ ಮನಸ್ಸುಂಟಾ?" ಎಂದರು.

"ಇಲ್ಲ."

"ಹಾಗಾದ್ರೆ ಮುಗೀತು."

ಗಾಜುಪಟ್ಟಿಗಳನ್ನಷ್ಟೇ ಹಿಡಿದು ಹೋದರು. ನನ್ನನ್ನು ಕಣ್ಣಾರೆ ಕಾಣದೆ ನಂಬುವುದಿಲ್ಲವೆಂದರಂತೆ ಅಲ್ಲಿದ್ದವರು. ಡಾಕ್ಟರಮ್ಮನ ಸಂಶೋಧನೆ ಅಲ್ಲಿಗೇ ನಿಂತಿತು. "ಎಂತ ಮಾಡುದು, ಅವರಿಗೆ ರಕ್ತಕ್ಕಿಂತ ಸೀರೆಯ ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಅವಸರ," ಎಂದದ್ದು ಬಿಟ್ಟರೆ ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ನನ್ನ ಮಾನಕ್ಕಾಗಿ ತಮ್ಮ ಜೀವಮಾನದ ಪ್ರಶ್ನೆಯನ್ನೇ ಬಿಟ್ಟುಕೊಟ್ಟರು.

ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಶವಸಂಸ್ಕಾರದ ಪ್ರಾರ್ಥನೆಗೆ ಇಗರ್ಜಿಯಲ್ಲಿ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಡಾಕ್ಟರಮ್ಮನ ತಂಗಿ ಎದ್ದು ಬಂದರು. "ಅಕ್ಕ ಹೇಳಿದ್ದಳು ನಿನ್ನ ವಿಷಯ," ಎಂದು ನನ್ನ ಕೈ ಹಿಡಿದು, ಹೆಂಗಸರ ಬದಿಯಲ್ಲಿ, ಮನೆಯವರು ಕೂತಿದ್ದ ಮುಂದಿನ ಬೆಂಚಿಗೆ ಕರೆದೊಯ್ದರು. ಅಲ್ಲಿದ್ದವರು ಒತ್ತೊತ್ತಾಗಿ ಸರಿದು ನನಗೆ ಜಾಗ ಮಾಡಿದರು.