ಉಪಚಾರವಿಲ್ಲದೆ ಉಣ್ಣದ ಕಿಟ್ಟಣ್ಣ

ನಮ್ಮ ಮನೆಯ ನಾಯಿ ಉಪಚಾರ ಹೇಳಿಸಿಕೊಳ್ಳದೆ ಊಟ ಮಾಡುವುದಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ, ವರದಿ ಮಾಡುತ್ತಿದ್ದೇನೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ ತಲೆ ನರೆಸಿಕೊಂಡವನಿಗೆ ಇವೆರಡರ ವ್ಯತ್ಯಾಸ ಗೊತ್ತಿರುತ್ತದೆ.

ಕಿಟ್ಟಣ್ಣ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಸಿಕ್ಕವನು, ಹುಟ್ಟಿನಿಂದ ಅಪ್ಪಟ ದಿಲ್ಲಿಯವನು. ಮರಿಯಾಗಿದ್ದಾಗ ತಟ್ಟೆ ಇಟ್ಟ ಕೂಡಲೇ ಮೂತಿ ಅದ್ದಿ ಮೊಸರನ್ನವನ್ನೆಲ್ಲ ನೆಲಕ್ಕೆ ಬಳಿಯುತ್ತಿದ್ದ. ನಮ್ಮ ಕಡೆ ಮದುವೆ ಮನೆಗಳಲ್ಲಿ ಎಲೆಗೆಲ್ಲ ಬಡಿಸಿಯಾದ ಮೇಲೆ ಯಜಮಾನ ಪಂಕ್ತಿಯ ಮುಂದೆ ಕೈಮುಗಿದು ನಿಂತು "ಸಾವಕಾಶವಾಗಿ ಆಗಲಿ" ಎನ್ನುತ್ತಾನಲ್ಲ, ಅಲ್ಲಿಯವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲವಲ್ಲ, ಅದನ್ನೇ ನಾನು ತಮಾಷೆಗೆ ಇವನ ಮೇಲೆ ಪ್ರಯೋಗಿಸಿದೆ. ಕುತ್ತಿಗೆ ಹಿಡಿದು ಕೂರಿಸುವುದು, ಆ ಮಾತು ಹೇಳುವುದು, ಕೈಬಿಡುವುದು. ಹೆಂಡತಿ ವಸುಧಾ ನಕ್ಕಳು, ಮಗಳು ಧೃತಿ ನಕ್ಕಳು. ಕಿಟ್ಟಣ್ಣ ನಗಲಿಲ್ಲ, ಅದನ್ನು ನಿಯಮವೆಂದು ತಿಳಿದ. ಅಂದಿನಿಂದ ಆ ಮಾತು ಕಿವಿಗೆ ಬೀಳುವವರೆಗೆ ತಟ್ಟೆಯ ಮುಂದೆ ಬೀಗರ ಹಾಗೆ ಕೂತಿರುತ್ತಾನೆ. ಜೊಲ್ಲು ಮಾತ್ರ ಸುರಿಯುತ್ತಿರುತ್ತದೆ. ಬೀಗರಿಗೂ ಸುರಿಯುತ್ತದೆ, ಅವರು ನುಂಗಿಕೊಳ್ಳುತ್ತಾರೆ.

ಇದು ಅತಿಯಾಯಿತು ಎಂದು ನೀವು ಹೇಳಬಹುದು. ಆದರೆ ಪೂಜೆಯಲ್ಲಿ ದೇವರಿಗೆ ಹದಿನಾರು ಬಗೆಯ ಉಪಚಾರ ಹೇಳಿದ್ದಾರೆ. ಸಕಲವೂ ತನ್ನದೇ ಆದವನು ಕೂಡ, ಯಾರಾದರೂ ತಗೋ ಎನ್ನಲಿ ಎಂದು ಕಾಯುತ್ತಾನೆ. ಹಾಗಿರುವಾಗ ನಾಯಿಗೆ ಒಂದು ಹೆಚ್ಚಲ್ಲ.

ಮಾತು ಎಲ್ಲಿಂದ ಬರುತ್ತದೆ ಎನ್ನುವುದೂ ಕಿಟ್ಟಣ್ಣನಿಗೆ ಮುಖ್ಯ. ಟಿವಿಯನ್ನು ಅವನು ನಂಬುವುದಿಲ್ಲ. ವಸುಧಾ ದಿನಾ ಸಂಜೆ ಕನ್ನಡ ಧಾರಾವಾಹಿ ಹಾಕುತ್ತಾಳೆ. ಆ ಮನೆಗಳಲ್ಲಿ ಜನ ಸದಾ ಒಬ್ಬರನ್ನೊಬ್ಬರು ಊಟಕ್ಕೆ ಕರೆಯುತ್ತಾರೆ, ಮೇಜಿನ ಸುತ್ತ ಕೂರುತ್ತಾರೆ, ಅಷ್ಟರಲ್ಲಿ ಯಾರಿಗೋ ಫೋನು ಬಂದು ಎಲ್ಲರೂ ಉಣ್ಣದೆ ಏಳುತ್ತಾರೆ. ಮೊದಮೊದಲು ಕಿಟ್ಟಣ್ಣ ಪ್ರತಿ ಕರೆಗೂ ಅಡುಗೆಮನೆಗೆ ಓಡಿ, ಖಾಲಿ ತಟ್ಟೆ ಮೂಸಿ ವಾಪಸಾಗುತ್ತಿದ್ದ. ಈಗ ಪೆಟ್ಟಿಗೆಯೊಳಗಿನ ಮಾತಿಗೆ ಕಿವಿ ಕೂಡ ಅಲ್ಲಾಡಿಸುವುದಿಲ್ಲ. ದಿನವೂ ವಾರ್ತೆ ನೋಡುವ ನನಗೆ ಇಷ್ಟು ವಿವೇಕ ಇನ್ನೂ ಬಂದಿಲ್ಲ.

ಇದಕ್ಕೆ ಒಂದೇ ಅಪವಾದ, ಧೃತಿಯ ಪಾಡ್‌ಕಾಸ್ಟ್. ಕಾಲೇಜಿಗೆ ಹೋಗುವ ಮಗಳು ನನ್ನ ಬಾಲ್ಯದ ಹಳೇ ಕಾಮಿಕ್ಸುಗಳ ಟ್ರಂಕನ್ನು ವಶಪಡಿಸಿಕೊಂಡು, ಅವುಗಳ ಕುರಿತು ಇಂಗ್ಲಿಷಿನಲ್ಲಿ ಪಾಡ್‌ಕಾಸ್ಟ್ ಮಾಡುತ್ತಾಳೆ. ಅವೆಲ್ಲ ಕನ್ನಡದವು. ಅವಳಿಗೆ ಕನ್ನಡ ಓದಲು ಬಾರದು, ಹಾಗಾಗಿ ಚಿತ್ರ ನೋಡಿ ಕಥೆ ಊಹಿಸುತ್ತಾಳೆ. ನಾನು ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಗುಟ್ಟಾಗಿ ಕೇಳುತ್ತೇನೆ. ರಾಜಕುಮಾರನನ್ನು ಕೊಲ್ಲಲು ಬಂದ ಮಂತ್ರವಾದಿ ಅವಳ ಕಥೆಯಲ್ಲಿ ಮಾತಾಡಲು ಯಾರೂ ಸಿಗದೆ ಅರಮನೆಗೆ ಬಂದ ಮುದುಕ. ನಾನು ತಿದ್ದಲು ಹೋಗಿಲ್ಲ, ಅವಳ ಕಥೆಯೇ ಚೆನ್ನಾಗಿದೆ. ಅವಳು ತನ್ನ ಧ್ವನಿಯನ್ನು ಸ್ಪೀಕರಿನಲ್ಲಿ ಹಾಕಿ ಕೇಳುವಾಗೆಲ್ಲ ಕಾಲ ಬಳಿ ಕೂತ ಕಿಟ್ಟಣ್ಣನಿಗೆ ಬಿಸ್ಕತ್ತು ಸಿಗುತ್ತದೆ. ಯಂತ್ರದೊಳಗಿಂದ ಅವಳು ಮಾತಾಡಿದರೆ ಅದು ಸುಳ್ಳಲ್ಲ ಎಂಬುದು ಅವನ ಅನುಭವ.

ಇದೇ ಧೃತಿ ನಮ್ಮೊಂದಿಗೆ ಕನ್ನಡ ಮಾತಾಡುವುದಿಲ್ಲ. ಚಿಕ್ಕವಳಿದ್ದಾಗ ಮಾತಾಡುತ್ತಿದ್ದಳು. ಒಮ್ಮೆ ಮೈಸೂರಿನಲ್ಲಿ ನನ್ನ ಅಕ್ಕ ಪದ್ಮಕ್ಕನ ಮನೆಯಿಂದ ಹೊರಡುವಾಗ "ಅತ್ತೆ, ನಾವು ಹೋಗ್ತೀವಿ" ಎಂದುಬಿಟ್ಟಳು. ನಮ್ಮಲ್ಲಿ ಯಾರೂ ಬರೇ ಹೋಗುವುದಿಲ್ಲ, ಹೋಗಿಬರುತ್ತೇವೆ. ಪದ್ಮಕ್ಕ ಹೌಹಾರಿ, ನಮ್ಮನ್ನೆಲ್ಲ ವಾಪಸು ಕೂರಿಸಿ, ನೀರು ಕುಡಿಸಿ, ಮಗುವಿನ ಬಾಯಲ್ಲಿ ಸರಿಯಾಗಿ ಹೇಳಿಸಿಯೇ ಕಳಿಸಿದಳು. ಆಮೇಲೆ ಆ ಕಥೆಯನ್ನು ಪ್ರತಿ ಸಮಾರಂಭದಲ್ಲೂ ಪ್ರೀತಿಯಿಂದಲೇ ಹೇಳುತ್ತ ಬಂದಳು. ಪ್ರತಿ ಸಲವೂ ಎಲ್ಲರೂ ನಕ್ಕರು, ಧೃತಿ ಬಾಯಿ ಮುಚ್ಚಿಕೊಂಡಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಬರತೊಡಗಿತು. ಇದರಿಂದ ನನಗೆ ಬೇಸರವಿದೆ. ಸುತ್ತಿ ಬಳಸಿ ಹೇಳುವುದಕ್ಕಿಂತ ಹೀಗೆ ಹೇಳಿಬಿಡುವುದು ವಾಸಿ.

ಕಳೆದ ಚಳಿಗಾಲದಲ್ಲಿ, ದಿಲ್ಲಿಯಲ್ಲೇ ಇರುವ ನನ್ನ ಅಣ್ಣನ ಮಗಳ ಮದುವೆ ಕರೋಲ್ ಬಾಗಿನ ಒಂದು ಹಾಲಿನಲ್ಲಿ ನಡೆಯಿತು. ಪದ್ಮಕ್ಕ ನಮ್ಮ ಮನೆಯಲ್ಲಿ ಇಳಿದುಕೊಂಡಳು. ಅವಳಿಗೆ ನಾಯಿ ಎಂದರೆ ಪ್ರಾಣಭಯ, ಆದ್ದರಿಂದ ಕಿಟ್ಟಣ್ಣನನ್ನು ದಿಲ್ಲಿಯಿಂದಾಚೆ ಮಾನೇಸರದ ಹತ್ತಿರ ನಾಯಿಗಳನ್ನು ನೋಡಿಕೊಳ್ಳುವ ಸುನೀತಾಜಿಯ ಬಳಿ ಬಿಟ್ಟೆವು. ಹೊದಿಕೆ, ಚೆಂಡು, ಮಂಡಿನೋವಿನ ಮಾತ್ರೆ ಎಲ್ಲ ಕೊಟ್ಟೆವು. ಉಪಚಾರದ ವಿಷಯ ಹೇಳಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದು ಮೂವರಿಗೂ ಹೊಳೆಯಲಿಲ್ಲ. ಅತಿಥಿಯ ಮುಂದೆ ತಟ್ಟೆಯಿಟ್ಟು ಸುಮ್ಮನೆ ಹೋಗಿಬಿಡುವವರು ಇರುತ್ತಾರೆಂದು ಯಾರಿಗೆ ಗೊತ್ತು?

ಮದುವೆಯ ದಿನ ಊಟದ ಹೊತ್ತಿಗೆ ಸುನೀತಾಜಿಯ ವಿಡಿಯೋ ಕರೆ ಬಂತು. "ಭಾಯಿಸಾಬ್, ಕಲ್ ಸೇ ಕುಛ್ ನಹೀ ಖಾಯಾ. ಬಸ್ ಪ್ಲೇಟ್ ದೇಖ್‌ತಾ ರಹ್‌ತಾ ಹೈ."

ನಿನ್ನೆಯಿಂದ ಏನೂ ತಿಂದಿಲ್ಲವಂತೆ, ಬರೀ ತಟ್ಟೆ ನೋಡುತ್ತ ಕೂತಿದ್ದಾನಂತೆ. ಕಿಟ್ಟಣ್ಣ ಈಗ ಮುದುಕ. ಹೇಳಬೇಕಾದ ಮಾತನ್ನು ಅವರಿಗೆ ಹೇಳಿಕೊಟ್ಟೆ. ಅವರು "ಸಾವ್‌ಕಾಸ್ ಆಗ್‌ಲೀ" ಎಂದರು. ವಿಡಿಯೋದಲ್ಲಿ ಕಿಟ್ಟಣ್ಣ ಅವರನ್ನು ಕನಿಕರದಿಂದ ನೋಡಿದ. ನಾನು ಹೇಳಿದೆ, ವಸುಧಾ ಹೇಳಿದಳು. ಫೋನಿನೊಳಗಿನ ನಾವು ಅವನ ಪಾಲಿಗೆ ಧಾರಾವಾಹಿ. ಹೀಗೇ ಇದ್ದರೆ ಡಾಕ್ಟರ ಬಳಿ ಒಯ್ದು ಡ್ರಿಪ್ ಹಾಕಿಸಬೇಕು ಎಂದರು ಸುನೀತಾಜಿ. ಉಳಿದದ್ದು ಒಂದೇ ದಾರಿ.

ಧೃತಿ ಊಟದ ಹಾಲಿನ ಮೂಲೆಯಲ್ಲಿ ಸೀರೆಯುಟ್ಟು ನಿಂತಿದ್ದಳು. ಮೊದಲ ಪಂಕ್ತಿ ಕೂತಿತ್ತು, ತುಪ್ಪದವರೆಗೆ ಎಲ್ಲ ಬಡಿಸಿಯಾಗಿತ್ತು. ಉಪಚಾರ ಹೇಳಬೇಕಾದ ಅಣ್ಣನನ್ನು ಫೋಟೋದವನು ಹಿಡಿದಿಟ್ಟುಕೊಂಡಿದ್ದ. ಗಂಡಿನ ಕಡೆಯವರೂ ಪದ್ಮಕ್ಕನೂ ಎಲೆ ನೋಡುತ್ತ ಕೂತಿದ್ದರು. ಫೋನು ಕೊಟ್ಟು ವಿಷಯ ಹೇಳಿದೆ.

"ಪಾಪಾ, ಯಹಾಂ? ಸಬ್‌ಕೇ ಸಾಮ್‌ನೇ?" ಇಷ್ಟು ಜನರ ಮುಂದೆ ಕನ್ನಡ ಆಡಲು ಅವಳು ಹಿಂಜರಿದಳು.

ಹೊರಗೆ ಬೀದಿಯಲ್ಲಿ ಬೇರೆ ಯಾರದೋ ದಿಬ್ಬಣದ ಬ್ಯಾಂಡು ಬಡಿಯುತ್ತಿತ್ತು. ಅವಳು ಪರದೆಯ ಮೇಲಿನ ಕಿಟ್ಟಣ್ಣನನ್ನು ನೋಡಿದಳು, ಪದ್ಮಕ್ಕನನ್ನು ನೋಡಿದಳು, ಮೆಲ್ಲಗೆ ಏನೋ ಪಿಸುಗುಟ್ಟಿದಳು.

"ಆವಾಜ್ ನಹೀ ಆಯೀ ಬೇಟಾ, ಜೋರ್ ಸೇ ಬೋಲೋ," ಎಂದರು ಸುನೀತಾಜಿ.

ಧೃತಿ ಕಣ್ಣು ಮುಚ್ಚಿಕೊಂಡು ಕೂಗಿದಳು: "ಸಾವಕಾಶವಾಗಿ ಆಗಲಿ! ಸಂಕೋಚ ಮಾಡ್ಕೋಬೇಡಿ! ನಿಧಾನವಾಗಿ ಊಟ ಮಾಡಿ!"

ಮಾನೇಸರದಲ್ಲಿ ಕಿಟ್ಟಣ್ಣ ತಟ್ಟೆಗೆ ಮೂತಿ ಇಟ್ಟ. ಕರೋಲ್ ಬಾಗಿನಲ್ಲಿ ಇಡೀ ಪಂಕ್ತಿ ಎಲೆಗೆ ಕೈ ಹಾಕಿತು.

"ಯಾರ ಮಗು ಅದು? ಎಷ್ಟು ಲಕ್ಷಣವಾಗಿ ಉಪಚಾರ ಮಾಡ್ತಾಳೆ!" ಎಂದರು ವರನ ತಾತ.

"ನನ್ನ ತಮ್ಮನ ಮಗಳು," ಎಂದಳು ಪದ್ಮಕ್ಕ, ಕೋಸಂಬರಿ ಅಗಿಯುತ್ತ. "ಎಲ್ಲಾ ನಾನೇ ಕಲಿಸಿದ್ದು."

ಉಪಚಾರ ಯಾರಿಗೆ ಹೇಳಿದ್ದೆಂದು ನಾವು ಯಾರಿಗೂ ಹೇಳಲಿಲ್ಲ. ಸಂಬಂಧ ಹೊಸದು. ಅಣ್ಣ ಓಡೋಡಿ ಬಂದು ಕೈಮುಗಿದು ನಿಂತಾಗ ಎಲ್ಲರೂ ಸಾರಿನವರೆಗೆ ಬಂದಿದ್ದರು.

ಎರಡನೇ ಪಂಕ್ತಿಗೆ ಆ ಹುಡುಗಿಯೇ ಬರಲಿ ಎಂದು ಬೇಡಿಕೆ ಬಂತು. ಯಾರೋ ಅವಳ ಕೈಗೆ ಪಾಯಸದ ಪಾತ್ರೆ ಕೊಟ್ಟರು. ಅವಳು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಕೇಳುತ್ತ ಬಂದಳು. ಮಾತು ಅಲ್ಲಲ್ಲಿ ತಪ್ಪಿತು. ಉಣ್ಣುವವರು ನಗಲಿಲ್ಲ, ಅವರ ಬಾಯಿಗೆ ಬೇರೆ ಕೆಲಸವಿತ್ತು. ನಾನು ಆ ಪಂಕ್ತಿಯ ಕೊನೆಯಲ್ಲಿ ಕೂತಿದ್ದೆ. ಹೋಳಿಗೆಯಿಂದಲೇ ಹೊಟ್ಟೆ ಬಿರಿಯುತ್ತಿತ್ತು, ಮೈಯಲ್ಲಿ ಸಕ್ಕರೆ ಕಾಯಿಲೆಯಿದೆ, ಎದುರಿನ ಸಾಲಿನಿಂದ ವಸುಧಾ ಕಣ್ಣಲ್ಲೇ ಗದರಿಸುತ್ತಿದ್ದಳು. ಸಾಕು ಎನ್ನಲು ಎಲೆಗೆ ಎರಡೂ ಕೈ ಅಡ್ಡ ಹಿಡಿದಿದ್ದೆ.

ಧೃತಿ ಬಂದು ಬಗ್ಗಿದಳು. "ಅಪ್ಪಾ, ನಿಂಗೆ ಇನ್ನೊಂದು ಸ್ವಲ್ಪ ಹಾಕ್ಲಾ?"

ನಾನು ಎರಡೂ ಕೈ ತೆಗೆದುಬಿಟ್ಟೆ.