ಅಕ್ಕಿ ಕಾರ್ಡಿನಲ್ಲಿ ತಂಗಿಯ ಮಕ್ಕಳು

ನಾಡಿನ ಕಂದಾಯ ನೋಡುವ ಪಾರ್ಪತ್ಯಗಾರರು ನನ್ನನ್ನು ಕಚೇರಿಗೆ ಕರೆಸಿ ನಾಲ್ಕು ಜನರೆದುರು ಗದರಬಹುದಿತ್ತು. ವಿಷಯ ಅವರ ಮೇಲಿನ ಸುಬೇದಾರರವರೆಗೆ ಹೋಗಿ ಜುಲ್ಮಾನೆ ಬೀಳಬಹುದಿತ್ತು. ಸರ್ಕಾರಕ್ಕೇ ಸುಳ್ಳು ಬರೆಯುವವನು ತೋಟದ ಲೆಕ್ಕವನ್ನು ಹೇಗೆ ಬರೆಯುತ್ತಾನೋ ಎಂದು ತೋಟದ ಯಜಮಾನ ದೊರೆ ನನ್ನನ್ನು ಎಸ್ಟೇಟಿನಿಂದ ಕಳಿಸಬಹುದಿತ್ತು. ಕೆಲಸದ ಹಿಂದೆಯೇ ಎಸ್ಟೇಟಿನ ಮನೆಯೂ ಹೋಗುತ್ತಿತ್ತು. ಲೆಕ್ಕ ಬರೆಯುವ, ಮದುವೆಯಾಗದ ರೈಟರನ ರೇಷನ್ ಕಾರ್ಡಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಎಲ್ಲಿಂದ ಬಂದರು ಎಂದು ಅಮ್ಮತ್ತಿ ಸಂತೆಯಲ್ಲಿ ಜನ ನಗಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ತಂದೆಯ ಮನೆ ಎಲ್ಲಿದೆಯೋ ಮಕ್ಕಳೂ ಅಲ್ಲೇ ಇರಲಿ ಎಂದು ಯಾರಾದರೂ ತೀರ್ಮಾನಿಸಿ, ಆ ಹುಡುಗಿಯರು ನನ್ನ ಮನೆ ಬಿಟ್ಟು ಹೋಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದರೆ ಒಂದೊಂದನ್ನೂ ನಾನು ಮುಂಗಡವಾಗಿ ಅನುಭವಿಸಿ ಮುಗಿಸಿದ್ದೆ. ಬಿಸಿಲಲ್ಲೂ ಕೊಡೆ ಹಿಡಿದು ಹೊರಟು, ದಾರಿಯುದ್ದಕ್ಕೂ ಕೊಡೆ ಎಲ್ಲಿ ಕಳೆದುಹೋಗುತ್ತದೋ ಎಂದು ಹೆದರುವ ಜಾತಿ ನನ್ನದು.

ಆಗ ಯುದ್ಧದ ಕಾಲ. ಅಕ್ಕಿ ಸಿಗುತ್ತಿರಲಿಲ್ಲ, ಸಿಕ್ಕಿದ್ದನ್ನು ಸರ್ಕಾರ ಕಾರ್ಡಿನ ಮೇಲೆ ತಲೆಗೆ ಇಷ್ಟು ಎಂದು ಅಳೆದು ಕೊಡುತ್ತಿತ್ತು. ಮನೆಯ ಯಜಮಾನ, ಅವನನ್ನು ನಂಬಿಕೊಂಡಿರುವವರು, ಇಷ್ಟನ್ನು ಬರೆದು ಕೊಡಬೇಕಿತ್ತು. ನಾನು ಯಜಮಾನನ ಜಾಗದಲ್ಲಿ ನನ್ನ ಹೆಸರನ್ನೂ, ಕೆಳಗೆ ತಂಗಿಯ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಬರೆದೆ. ಜ್ವರದಲ್ಲಿ ಗಂಡ ತೀರಿಕೊಂಡ ಮೇಲೆ ತಂಗಿ ಮಕ್ಕಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದಳು. ಮಕ್ಕಳು ಇಲ್ಲಿಂದಲೇ ಅಮ್ಮತ್ತಿಯ ಶಾಲೆಗೆ ನಡೆದು ಹೋಗುತ್ತಿದ್ದರು.

ಬರೆದು ಕೊಟ್ಟು ಬಂದವನು ಊಟ ಬಿಟ್ಟು ಕೂತದ್ದನ್ನು ನೋಡಿ ತಂಗಿ ಕೇಳಿದಳು:

"ಅಣ್ಣ, ಬರೆದದ್ದು ಸುಳ್ಳಾ?"

"ಅಲ್ಲ."

"ಮತ್ತೆ ಎಂತಕ್ಕೆ ಹೀಗೆ ಬೆವರ್ತೀಯ?"

"ಸುಳ್ಳಾದ್ರೆ ಒಂದು ಉಪಾಯ ಹುಡುಕಬಹುದು. ನಿಜಕ್ಕೆ ಎಂತ ಹುಡುಕೋದು?"

"ಅಯ್ಯೋ, ಉಣ್ಣು ಮಾರಾಯ" ಎಂದು ಅವಳು ಒಳಗೆ ಹೋದಳು.

ನನ್ನ ಭಯಕ್ಕೆ ಅಪರೂಪಕ್ಕೊಮ್ಮೆ ಮರ್ಯಾದೆ ಸಿಕ್ಕಿತು. ಪಾರ್ಪತ್ಯಗಾರರಿಂದ ಕರೆ ಬಂತು. ಅಕ್ಕಿ ಕಾರ್ಡೂ ಅವರ ಕೈಯಲ್ಲೇ. ಹೋಗಿ ನೋಡಿದರೆ ಅವರ ಜಗಲಿಯ ಬೆಂಚಿನಲ್ಲಿ ತಂಗಿಯ ಗಂಡನ ಅಣ್ಣ ಮೊದಲೇ ಬಂದು ಕೂತಿದ್ದರು. ಅವರು ಆ ಮನೆಯ ಹಿರಿಯರು. ನನಗೆ ಭಾವ, ಹುಡುಗಿಯರಿಗೆ ದೊಡ್ಡಪ್ಪ. ಅವರೂ ತಮ್ಮ ಮನೆಯ ಕಾರ್ಡಿನಲ್ಲಿ ಆ ಇಬ್ಬರು ಮಕ್ಕಳನ್ನು ಬರೆಸಿದ್ದರು.

ಇದರಲ್ಲಿ ಮೋಸವೇನೂ ಇರಲಿಲ್ಲ. ನಮ್ಮಲ್ಲಿ ಮಗುವನ್ನು ಯಾವ ಮನೆ ಎಂದು ಕೇಳಿದರೆ ಅದು ತಂದೆಯ ಮನೆಹೆಸರನ್ನೇ ಹೇಳುತ್ತದೆ. ಯಾರ ಮನೆಯಲ್ಲಿ ಉಂಡು ಬೆಳೆದರೂ ಅದು ಬದಲಾಗುವುದಿಲ್ಲ. ತಮ್ಮನ ಮಕ್ಕಳನ್ನು ಬಿಟ್ಟು ಬರೆಸುವುದು ಭಾವನಿಗೆ ತೋಚುವ ಮಾತೇ ಅಲ್ಲ. ಬರೆಯುವ ಮೊದಲು ಅವರನ್ನು ಒಂದು ಮಾತು ಕೇಳಬೇಕೆಂದು, ಏನೆಲ್ಲ ಯೋಚಿಸುವ ನನಗೂ ತೋಚಲಿಲ್ಲ.

"ಮಕ್ಕಳು ಉಣ್ಣೋದು ಎಲ್ಲಿ?" ಪಾರ್ಪತ್ಯಗಾರರು ಕೇಳಿದರು.

"ನಮ್ಮಲ್ಲಿ" ಎಂದೆ.

"ಉಣ್ಣೋದು ಇವರಲ್ಲಿ, ಸತ್ಯ. ಮಕ್ಕಳು ನಮ್ಮವು" ಎಂದರು ಭಾವ.

"ಸರ್ಕಾರ ಕೇಳೋದು ಉಣ್ಣೋದನ್ನ, ಯಜಮಾನ್ರೇ."

"ಕೇಳಲಿ ಸ್ವಾಮಿ. ತೀರಿಹೋದ ಹಿರಿಯರ ಮುಂದೆ ದೀಪ ಹಚ್ಚುವವನು ನಾನು. ತಮ್ಮನ ಮಕ್ಕಳನ್ನ ಮನೆಯಿಂದ ಬಿಟ್ಟು ಬರೆಸಿದೆ ಅಂತ ಅಲ್ಲಿ ಹೇಳ್ಲಾ? ಸರ್ಕಾರ ಬಂದು ನನ್ನ ಪಕ್ಕ ನಿಂತ್ಕೊಳ್ತದಾ?"

ಪಾರ್ಪತ್ಯಗಾರರಿಗೆ ಇನ್ನೂ ಬೇಕಾದಷ್ಟು ಮನೆಗಳ ಕಾರ್ಡು ಬಾಕಿ ಇತ್ತು. "ಹಾಗಾದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ. ಒಂದು ಹೊಟ್ಟೆಗೆ ಎರಡು ಕಡೆ ಅಕ್ಕಿ ಕೊಡ್ಲಿಕ್ಕೆ ಆಗೋದಿಲ್ಲ" ಎಂದುಬಿಟ್ಟರು.

ಈ ಗಳಿಗೆಗೆಂದೇ ನಾನು ದಾರಿಯಲ್ಲಿ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು "ಶಾಲೆ..." ಎಂಬ ಒಂದೇ ಮಾತು.

ಭಾವ ನನ್ನ ಕಡೆ ತಿರುಗಿದರು. "ಶಾಲೆಗೆ ಎಂತಾಗಿದೆ ಭಾವ?"

"ನಿಮ್ಮಲ್ಲಿಂದ ಹೊಳೆ ದಾಟಿ ಬರಬೇಕಲ್ಲ. ಮಳೆಗಾಲದಲ್ಲಿ ಆ ಮರದ ಪಾಲದ ಮೇಲೆ ನಡೆದು..."

"ಮಳೆ ಹಿಡೀಲಿಕ್ಕೆ ಇನ್ನೂ ಎಷ್ಟು ತಿಂಗಳುಂಟು! ನೀವು ಈಗಲೇ ನೆನೆದು ನಿಂತಿದ್ದೀರಲ್ಲ ಮಾರಾಯ್ರೇ" ಎಂದರು ಭಾವ.

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಭಾವ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ತಮ್ಮ ಊರುಗೋಲನ್ನೇ ನೋಡುತ್ತ ಕೂತರು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಹುಡುಗಿಯರ ಪೆಟ್ಟಿಗೆ ಕಟ್ಟಿ, ಅವರನ್ನು ಗೇಟಿನವರೆಗೆ ಬಿಟ್ಟು, ಖಾಲಿ ಮನೆಗೆ ತಿರುಗಿ ಬಂದಿದ್ದೆ.

"ಹೆಸರು ನಮ್ಮಲ್ಲಿ ಇರಲಿ ಸ್ವಾಮಿ" ಎಂದರು ಕೊನೆಗೆ. "ಮಕ್ಕಳು ಇವರಲ್ಲೇ ಇರಲಿ, ಶಾಲೆ ಬಿಡಿಸುವುದು ಬೇಡ. ಅವರ ಪಾಲಿನ ಅಕ್ಕಿ ನಾನೇ ತಂದು ಮುಟ್ಟಿಸ್ತೇನೆ."

"ಹಾಗೆಲ್ಲ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ."

"ಹೆಸರಿಗೆ ಜಾಗ ಉಂಟಲ್ಲ? ಸಾಕು. ಉಳಿದದ್ದು ನಾವು ಭಾವಂದಿರು ನೋಡ್ಕೊಳ್ತೇವೆ."

ಪಾರ್ಪತ್ಯಗಾರರು ನನ್ನ ಕಾರ್ಡಿನಲ್ಲಿ ಆ ಎರಡು ಹೆಸರಿನ ಮೇಲೆ ಗೀಟು ಎಳೆದರು. ಯಾರೂ ಗದರಲಿಲ್ಲ. ಮನೆಗೆ ಬಂದು ಹೇಳಿದಾಗ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದು ಒಲೆಯನ್ನು ಬೈದಳು.

ಭಾವ ಮಾತಿಗೆ ತಪ್ಪುವವರಲ್ಲ. ಮುಂದಿನ ಸಂತೆಯ ದಿನವೇ ನೆತ್ತಿಯ ಮೇಲೆ ಬಿಸಿಲು ಇರುವಾಗ ಅಕ್ಕಿಯ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಅಷ್ಟು ದೂರ ನಡೆದು ಬಂದ ತಂಗಿಯ ಗಂಡನ ಮನೆಯ ಹಿರಿಯರನ್ನು ಊಟದ ಹೊತ್ತಿಗೆ ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಎಲ್ಲಿದೆ? ಎಲೆ ಹಾಕಿದೆವು. ಭಾವನ ಎರಡೂ ಪಕ್ಕದಲ್ಲಿ ಹುಡುಗಿಯರು ಕೂತರು. ಅಂಥ ನೆಂಟರಿಗೆ, ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರೆಗೆ ಬಡಿಸುತ್ತಲೇ ಇರಬೇಕು. ಭಾವ ಕೈ ಅಡ್ಡ ಹಿಡಿಯುವವರಲ್ಲ. ಆಳೂ ದೊಡ್ಡದು, ಬಿಸಿಲಲ್ಲಿ ನಡೆದ ಹಸಿವೂ ದೊಡ್ಡದು.

"ಇನ್ನೊಂದು ಚೂರು ಹಾಕಿಸ್ಕೊಳ್ಳಿ ಭಾವ" ಎಂದೆ. ಹೇಳದಿದ್ದರೆ ಆಗುತ್ತದೆಯೇ?

"ಬೇಡ ಅಂದ್ರೆ ನಿಮಗೆ ಬೇಸರ. ಹಾಕಮ್ಮ."

ತಂಗಿ ನನ್ನ ಮುಖ ನೋಡಿದಳು. ಮತ್ತೊಂದು ಸೌಟು ಹಾಕಿದಳು. ಭಾವ ಕಿರಿಯ ಹುಡುಗಿಯ ಎಲೆ ನೋಡಿ, "ಎಂತದು ಕೋಳಿಮರಿ ಹಾಗೆ ಉಣ್ತೀಯ? ನಮ್ಮ ಮನೆಯವರು ಉಣ್ಣೋದು ನೋಡಿ ಕಲಿ" ಎಂದು ಮತ್ತೆ ತಮ್ಮ ಎಲೆಯನ್ನು ಮುಂದಕ್ಕೆ ತಳ್ಳಿದರು.

ಕಾರ್ಡು ಇದ್ದಷ್ಟು ಕಾಲವೂ ಅವರು ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಮಕ್ಕಳಿಗೆಂದು ತಂದ ಅಕ್ಕಿಯಲ್ಲಿ ಒಂದು ಒಳ್ಳೆಯ ಪಾಲನ್ನು ಆ ಮಧ್ಯಾಹ್ನವೇ ಉಂಡು, ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದರು.